ಒಂಬತ್ತನೆಯ ಕುಳಿ ಕಣದಲ್ಲಿತ್ತು

ಈ ವರ್ಷ ಮಾರ್ಚ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ ಸ್ವಲ್ಪ ಮೊದಲು, ಜೇವರ್ಗಿ ತಾಲ್ಲೂಕಿನ ಇಜೇರಿಯ ಒಂದು ಜೋಳದ ಕಣದಲ್ಲಿ ನಿವೃತ್ತ ಸುಬೇದಾರ್ ರೇವಣಸಿದ್ದಪ್ಪ ಗಾಲ್ಫ್ ಚೆಂಡನ್ನು ಕುಳಿಗೆ ಹಾಕಿದರು. ಅಂಕ ಬರೆಯುವ ಕೆಲಸ ನನ್ನದಾಗಿತ್ತು. ಕಾರ್ಡಿನ ಒಂಬತ್ತನೆಯ ಮನೆಯಲ್ಲಿ ಐದು ಎಂದು ಬರೆದೆ. ಆ ಅಂಕಿ ತಪ್ಪು. ತಪ್ಪೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಬರೆದ ಪೆನ್ಸಿಲು ಈಗ ನನ್ನ ಮೇಜಿನ ಮೇಲಿದೆ. ಬೆರಳುದ್ದದ್ದು. ಹಿಂದೆ ರಬ್ಬರಿಲ್ಲ. ಗಾಲ್ಫ್ ಮೈದಾನಗಳಲ್ಲಿ ಅಂಕ ಬರೆಯಲು ಇಂಥದ್ದನ್ನೇ ಕೊಡುತ್ತಾರಂತೆ. ಸುಬೇದಾರರ ಟ್ರಂಕಿನಲ್ಲಿ ಇಂಥ ಹತ್ತು ಪೆನ್ಸಿಲುಗಳಿದ್ದವು, ಆಡಿದ ಒಂದೊಂದು ಮೈದಾನದಿಂದ ಒಂದೊಂದು. ಹತ್ತನೆಯದು ನನ್ನ ಪಾಲಿಗೆ ಬಂತು. ಫೋನಿನಲ್ಲಿ ಮಾತಾಡುವಾಗ ಏನಾದರೂ ಗೀಚುತ್ತಿರುವುದು ನನ್ನ ಹಳೆಯ ಚಾಳಿ. ಮೊನ್ನೆ ಕರೆಂಟ್ ಬಿಲ್ಲಿನ ಹಿಂದೆ ಗೀಚುತ್ತಿದ್ದಾಗ ಈ ಪೆನ್ಸಿಲು ಕೈಗೆ ಸಿಕ್ಕಿತು. ಮಾತು ಮುಗಿದ ಮೇಲೆ ನೋಡಿದರೆ ಕಾಗದದ ತುಂಬ ಐದು, ಆರು, ಐದು, ಆರು.

ಶಾಲೆಯಲ್ಲಿದ್ದಾಗ ನನ್ನ ಪೆನ್ಸಿಲಿಗೆ ರಬ್ಬರ್ ಇರುತ್ತಿತ್ತು, ಮೊದಲ ವಾರ ಮಾತ್ರ. ಎರಡನೆಯ ವಾರಕ್ಕೆ ಅದನ್ನು ಕಚ್ಚಿ ತಿಂದಿರುತ್ತಿದ್ದೆ. ಆಮೇಲೆ ತಪ್ಪು ಅಳಿಸಲು ಎಂಜಲೇ ಗತಿ. ನಮ್ಮ ಮೇಷ್ಟ್ರು ನನ್ನ ನೋಟುಬುಕ್ಕಿನ ತೂತುಗಳನ್ನು ಎಣಿಸಿ ಅಂಕ ಕಳೆಯುತ್ತಿದ್ದರು. ಅಂಥವನು ಮುಂದೆ ಮೂವತ್ತೊಂದು ವರ್ಷ ಕಲಬುರಗಿಯ ದಿನಪತ್ರಿಕೆಯೊಂದರಲ್ಲಿ ಬೇರೆಯವರ ತಪ್ಪು ತಿದ್ದಿ ಸಂಬಳ ಎಣಿಸಿದೆ.

ಈಗ ಆಳಂದದಲ್ಲಿದ್ದೇನೆ. ಹುಟ್ಟಿದ್ದು ಇದೇ ತಾಲ್ಲೂಕಿನ ಸರಸಂಬಾದಲ್ಲಿ. ಓಣಿಯ ಹುಡುಗರು ಗಿಲ್ಲಿದಾಂಡು ಆಡುವಾಗ ನನ್ನನ್ನು ಯಾವ ಕಡೆಗೂ ಸೇರಿಸಿಕೊಳ್ಳುತ್ತಿರಲಿಲ್ಲ. ದಾಂಡು ಬೀಸಿದರೆ ಗಿಲ್ಲಿ ಅಲ್ಲೇ ಇರುತ್ತಿತ್ತು, ದಾಂಡು ಹೋಗಿ ಯಾರದಾದರೂ ಮೊಣಕಾಲಿಗೆ ಬೀಳುತ್ತಿತ್ತು. ಕೊನೆಗೆ ಇದ್ದಿಲು ಕೊಟ್ಟು ಗೋಡೆಯ ಮೇಲೆ ಗೆರೆ ಎಳೆಯಲು ನಿಲ್ಲಿಸಿದರು. ಎರಡೂ ಕಡೆಯವರು ನನ್ನ ಗೆರೆಗಳನ್ನು ಒಪ್ಪುತ್ತಿದ್ದರು. ನನ್ನ ಪ್ರಾಮಾಣಿಕತೆಯ ಬಗ್ಗೆ ನನಗಿದ್ದ ಹೆಮ್ಮೆಯೆಲ್ಲ ಆ ಗೋಡೆಯಿಂದ ಬಂದದ್ದು.

ನಮ್ಮ ಹೊಲದ ಮೂಲೆಯಲ್ಲಿ ಕಣವಿತ್ತು. ಕಣ ನೋಡದವರಿಗಾಗಿ ಹೇಳುತ್ತೇನೆ: ಜೋಳದ ತೆನೆ ತುಳಿಸಿ, ತೂರಿ, ರಾಶಿ ಮಾಡುವ ಜಾಗ ಅದು. ನೀರು ಹೊಡೆದು, ನೆಲ ಬಡಿದು, ಸೆಗಣಿ ಸಾರಿಸಿ ನುಣ್ಣಗೆ ಮಾಡಿರುತ್ತಾರೆ. ಅಲ್ಲಿ ಎರಡು ಕಟ್ಟಳೆ. ಕಾಲಲ್ಲಿ ಚಪ್ಪಲಿ ಇರಬಾರದು. ರಾಶಿ ಅಳೆಯುವಾಗ ಯಾರೂ ಮಾತಾಡಬಾರದು. ಅಳೆಯುವವರ ಎಣಿಕೆ ಬಿಟ್ಟರೆ ಬೇರೆ ದನಿ ಕೂಡದು. ಎಣಿಕೆಯಲ್ಲೂ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು.

ಏಳು ವರ್ಷದವನಿದ್ದಾಗ ನಾನು ಎರಡನೆಯ ಕಟ್ಟಳೆ ಮುರಿದೆ. ಅಜ್ಜ ಹದಿನಾಲ್ಕು ಎಂದಿದ್ದ. "ಅಜ್ಜಾ, ಇನ್ನ ಎಷ್ಟದ?" ಎಂದು ಕೇಳಿದೆ. ಅಜ್ಜ ಸೇರನ್ನು ಕೆಳಗಿಟ್ಟ. ಬೈಯಲಿಲ್ಲ. ಅಳೆದು ಚೀಲಕ್ಕೆ ಹಾಕಿದ್ದ ಹದಿನಾಲ್ಕು ಸೇರನ್ನೂ ತಿರುಗಿ ರಾಶಿಗೆ ಸುರಿದು ಮತ್ತೆ ಲಾಭ ಎಂದ. ಅಜ್ಜಿ ನನ್ನ ಎಡಗಿವಿ ಹಿಡಿದು ಬೇವಿನ ಗಿಡದವರೆಗೆ ಎಳೆದೊಯ್ದಳು. ಆ ಕಿವಿ ಇಂದಿಗೂ ಬಲಗಿವಿಗಿಂತ ತುಸು ಮುಂದಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇದು ದೃಢಪಟ್ಟಿಲ್ಲ.

ಸುಬೇದಾರರ ಪರಿಚಯವಾದದ್ದು ಒಂದು ತಿದ್ದುಪಡಿಯಿಂದ. ನಾನಿನ್ನೂ ಕೆಲಸದಲ್ಲಿದ್ದೆ. ಇಜೇರಿಯ ಮಾಜಿ ಸೈನಿಕರೊಬ್ಬರು ತೊಗರಿ ಕೊಯ್ದ ಹೊಲದಲ್ಲಿ ಗಾಲ್ಫ್ ಆಡುತ್ತಾರೆ, ದೇಶದ ಹನ್ನೊಂದು ಅತ್ಯುತ್ತಮ ಗಾಲ್ಫ್ ಮೈದಾನಗಳಲ್ಲಿ ಆಡಬೇಕೆಂದು ಪಟ್ಟಿ ಮಾಡಿಕೊಂಡಿದ್ದಾರೆ ಎಂಬ ಸುದ್ದಿ ಜೇವರ್ಗಿಯಿಂದ ಬಂತು. ಐದು ಆಗಿದೆ, ಆರನೆಯದಕ್ಕೆ ಸಿದ್ಧತೆ ನಡೆದಿದೆ ಎಂದು ವರದಿಗಾರ ಬರೆದಿದ್ದ. ಅದನ್ನು ಚೌಕಟ್ಟಿನಲ್ಲಿ ಕೂರಿಸುವಾಗ ಒಂದು ಸಾಲು ಕತ್ತರಿಸಿದೆ. ಬೆಳಿಗ್ಗೆ ಪತ್ರಿಕೆಯಲ್ಲಿ "ಆರು ಮೈದಾನಗಳಲ್ಲಿ ಆಡಿದ್ದಾರೆ" ಎಂದಾಗಿತ್ತು.

ಮರುದಿನ ಮಧ್ಯಾಹ್ನ ಒಬ್ಬರು ಕಚೇರಿಗೆ ಬಂದರು. ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಬೂಟು. ಪತ್ರಿಕೆಯನ್ನು ನನ್ನ ಮುಂದೆ ಹರಡಿ ಚೌಕಟ್ಟಿನ ಮೇಲೆ ಬೆರಳಿಟ್ಟರು.

"ಇದು ತಪ್ಪದರಿ. ಆರು ಅಂತ ಬರದೀರಿ. ನಾ ಆಡಿದ್ದು ಐದು."

"ಒಂದು ಹೆಚ್ಚಿಗಿ ಬಂದದ, ಅಷ್ಟೇ ಅಲ್ರಿ?"

"ಅದಕ್ಕೇ ಬಂದೇನ್ರಿ. ಕಡಿಮಿ ಬಂದಿದ್ರ ಬರ್ತಿದ್ದಿಲ್ಲ."

ಕಚೇರಿಗೆ ಬರುವವರು ಸಾಮಾನ್ಯವಾಗಿ ಕೂಡಿಸಲು ಬರುತ್ತಾರೆ. ಸಭೆಗೆ ಸೇರಿದವರ ಸಂಖ್ಯೆಗೆ ಒಂದು ಸೊನ್ನೆ, ಹೆಸರಿನ ಹಿಂದೆ ಒಂದು ಪದವಿ. ಕಳೆಯಲು ಬಂದವರನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಸಾಲಿನ ತಿದ್ದುಪಡಿ ಹಾಕಿದೆ. ಅವರು ಅದನ್ನು ಕತ್ತರಿಸಿ ಪಟ್ಟಿಯಿದ್ದ ನೋಟುಬುಕ್ಕಿನಲ್ಲಿ ಅಂಟಿಸಿದರು. ಮೂಲ ಸುದ್ದಿಯನ್ನು ಅಂಟಿಸಲಿಲ್ಲ.

ಪಟ್ಟಿ ಹುಟ್ಟಿದ್ದು ಹೀಗೆ. ಸೈನ್ಯದಲ್ಲಿದ್ದ ಇಪ್ಪತ್ತೆಂಟು ವರ್ಷಗಳಲ್ಲಿ ಒಂಬತ್ತು ವರ್ಷ ಅವರು ಒಂದು ದಂಡುಪ್ರದೇಶದ ಗಾಲ್ಫ್ ಮೈದಾನ ನೋಡಿಕೊಂಡರು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಕುಳಿ ತೆಗೆಯುವುದು. ಅಧಿಕಾರಿಗಳು ಆಡಿ ಮುಗಿಸಿದ ಮೇಲೆ ಮೂಲೆಗೆ ಬಿದ್ದಿದ್ದ ಹಳೆಯ ಕೋಲಿನಿಂದ ಇವರು ಹೊಡೆಯುತ್ತಿದ್ದರು. ಒಬ್ಬ ಕ್ಯಾಪ್ಟನ್ ಅದನ್ನು ನೋಡಿ, ಕುಡುಗೋಲು ಹಿಡಿದ ಹಾಗೆ ಹಿಡಿಯಬೇಡ ಎಂದು ಕೈ ಹಿಡಿದು ಕಲಿಸಿದರು. ಸಂಜೆ ಅಧಿಕಾರಿಗಳು ಕೂತು ದೇಶದಲ್ಲಿ ಯಾವ ಮೈದಾನ ದೊಡ್ಡದು, ಯಾವುದು ಕಠಿಣ ಎಂದು ವಾದಿಸುತ್ತಿದ್ದರಂತೆ. ಎಲ್ಲರೂ ಒಪ್ಪಿದ ಹನ್ನೊಂದು ಹೆಸರುಗಳನ್ನು ಸುಬೇದಾರರು ಬರೆದುಕೊಂಡರು.

ನಿವೃತ್ತಿಯ ನಂತರ ಒಂದೊಂದಾಗಿ ಹೊರಟರು. ಸ್ಲೀಪರ್ ಬೋಗಿಯಲ್ಲಿ, ಅರ್ಧ ಸೆಟ್ಟು ಕೋಲುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು. ಕೆಲವೆಡೆ ಮಾಜಿ ಸೈನಿಕರೆಂದು ಬಿಟ್ಟರು. ಕೆಲವೆಡೆ ಮೂರು ದಿನ ಗೇಟಿನಲ್ಲಿ ಕಾಯಿಸಿದರು. ಹತ್ತು ಮುಗಿದವು. ಹನ್ನೊಂದನೆಯದು ಉತ್ತರದ ಬೆಟ್ಟಗಳಲ್ಲಿರುವ ಒಂದು ಹಳೆಯ ಕ್ಲಬ್ಬು. ಅಲ್ಲಿ ಹೊರಗಿನವರು ಆಡಬೇಕಾದರೆ ಸದಸ್ಯರೊಬ್ಬರು ಸಹಿ ಹಾಕಬೇಕು: ಇವರ ಆಟವನ್ನು ನಾನು ಕಣ್ಣಾರೆ ನೋಡಿದ್ದೇನೆ, ಇವರು ಇಲ್ಲಿ ಆಡಬಲ್ಲರು ಎಂದು.

ಈ ಜನವರಿಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ಬಂದವು. ಆ ಹಳೆಯ ಕ್ಯಾಪ್ಟನ್, ಈಗ ನಿವೃತ್ತ ಕರ್ನಲ್, ಆ ಕ್ಲಬ್ಬಿನ ಸದಸ್ಯರಾಗಿದ್ದಾರೆ ಎಂದು ತಿಳಿಯಿತು. ಕಲಬುರಗಿಯ ವೈದ್ಯರು ಸುಬೇದಾರರ ಬಲಭುಜದ ಚಿತ್ರ ನೋಡಿ, ಮಳೆಗಾಲ ಮುಗಿಯುವುದರೊಳಗೆ ಕೊಯ್ಯಬೇಕು, ಆಮೇಲೆ ಕೈ ಎಷ್ಟು ಮೇಲೇಳುತ್ತದೆ ಎಂದು ಈಗ ಹೇಳಲಾಗದು ಎಂದರು.

ಕರ್ನಲ್ ಪುಣೆಯವರು, ದತ್ತಭಕ್ತರು. ಮಾರ್ಚಿನಲ್ಲಿ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಬರುವವರಿದ್ದರು. ಅಲ್ಲಿಂದ ಇಜೇರಿಗೆ ಬಂದು ಆಟ ನೋಡಲು ಒಪ್ಪಿದರು. ಆದರೆ ಕಾಗದದಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು. ನಿನ್ನ ಮೈದಾನ ಸಣ್ಣದು. ಒಂಬತ್ತು ಕುಳಿಗಳನ್ನು ನಲವತ್ತೈದು ಹೊಡೆತದೊಳಗೆ ಮುಗಿಸಿದರೆ ಸಹಿ ಹಾಕುತ್ತೇನೆ. ನಲವತ್ತಾರಾದರೆ ಹಾಕಲಾರೆ. ಅಂಕ ಬರೆಯಲು ಮೂರನೆಯವರೊಬ್ಬರನ್ನು ಕರೆಸು.

ಮೂರನೆಯವನಾಗಿ ನನ್ನನ್ನು ಕರೆದರು. ಆಟ ಬರುವುದಿಲ್ಲವಲ್ಲ ಎಂದೆ.

"ಆಟ ಯಾರಿಗೆ ಬೇಕಾಗೇದರಿ ಪೇಪರ್ ಸರ್. ನೀವು ಇದ್ದದ್ದು ಬರೀರಿ. ಅಷ್ಟ ಸಾಕು."

ಶನಿವಾರ ಸಂಜೆಯೇ ಇಜೇರಿ ಸೇರಿದೆ. ಸುಬೇದಾರರು ಪೆನ್ಸಿಲು ಕೈಗೆ ಕೊಟ್ಟು ನಿಯಮ ಕಲಿಸಿದರು. ಈ ಆಟದಲ್ಲಿ ಅಂಪೈರ್ ಇಲ್ಲ. ತಪ್ಪಾದರೆ ಆಡುವವನೇ ಹೇಳಬೇಕು, ಬರೆಯುವವನು ಬರೆದುಕೊಳ್ಳಬೇಕು. ಕುಳಿಯ ಸುತ್ತಲಿನ ನುಣುಪು ನೆಲಕ್ಕೆ ಗ್ರೀನ್ ಎನ್ನುತ್ತಾರೆ. ಅದರ ಮೇಲೆ ಚೆಂಡು ಕೈತಪ್ಪಿ ಅಲುಗಿದರೆ ದಂಡವಿಲ್ಲ. ಅದರ ಹೊರಗೆ ನಮ್ಮಿಂದ ಅಲುಗಿದರೆ ಚೆಂಡನ್ನು ಮೊದಲಿನ ಜಾಗದಲ್ಲಿ ಇಡಬೇಕು, ಒಂದು ಹೊಡೆತ ಕೂಡಿಸಿಕೊಳ್ಳಬೇಕು. ನಾನು ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡೆ. ಆ ಟಿಪ್ಪಣಿ ಇನ್ನೂ ನನ್ನ ಬಳಿ ಇದೆ. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶ ನನಗಿಲ್ಲ.

ಮೈದಾನವೆಂದರೆ ಸುಬೇದಾರರ ಹೊಲ ಮತ್ತು ಪಕ್ಕದ ಮಹಬೂಬಸಾಬರ ಹೊಲ. ತೊಗರಿ ಕೊಯ್ದ ಮೇಲೆ ಮಳೆಯವರೆಗೆ ಖಾಲಿ. ಎಂಟು ಕುಳಿಗಳ ಸುತ್ತ ಸುಬೇದಾರರೇ ಮಣ್ಣು ಬಡಿದು ಗ್ರೀನ್ ಮಾಡಿದ್ದಾರೆ. ಒಂಬತ್ತನೆಯದನ್ನು ಕಟ್ಟುವ ಹೊತ್ತಿಗೆ ಬೆನ್ನು ಸೋತಿತ್ತು. ಆದ್ದರಿಂದ ಹೆಂಡತಿ ಕಾಶೀಬಾಯಿಯವರ ಕಣದ ಪಡುವಣ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಹೂತು ಅದನ್ನೇ ಒಂಬತ್ತನೆಯ ಕುಳಿ ಎಂದರು. ಕಣ ಹೆಂಡತಿಯದು ಎಂದು ನಾನು ಬರೆದದ್ದು ಸರಿಯಾಗಿಯೇ ಇದೆ. ಗಂಡ ಸೈನ್ಯದಲ್ಲಿದ್ದ ಇಪ್ಪತ್ತೆಂಟು ವರ್ಷ ಹೊಲ ನಡೆಸಿದವರು ಅವರು. ಊರಲ್ಲಿ ಗಂಡಸರು ಅಳೆಯುವ ರಾಶಿಯನ್ನು ಆ ಮನೆಯಲ್ಲಿ ಅವರೇ ಅಳೆಯುತ್ತಾರೆ.

ಭಾನುವಾರ ಏಳಕ್ಕೆ ಆಟ ಶುರುವಾಗಬೇಕಿತ್ತು. ಕರ್ನಲ್ ಬಂದಾಗ ಎಂಟು ದಾಟಿತ್ತು. ದರ್ಶನದ ಸಾಲು ಉದ್ದವಿತ್ತು ಎಂದು ಹಿಂದಿಯಲ್ಲಿ ಕ್ಷಮೆ ಕೇಳಿದರು. ಕಾಶೀಬಾಯಿ ಗಡಿಯಾರ ನೋಡಿದರು. ಜೋಳದ ರಾಶಿ ಸಿದ್ಧವಾಗಿತ್ತು. ರಾಶಿಯ ಮೊದಲ ಪಾಲು ದಾಸೋಹಕ್ಕೆ. ಅದನ್ನು ಇನ್ನೂ ಸೇರಿನಲ್ಲಿ ಅಳೆಯುತ್ತಾರೆ. ಉಳಿದದ್ದನ್ನು ತೂಕ ಮಾಡಿ ಒಯ್ಯಲು ಹನ್ನೊಂದಕ್ಕೆ ಟೆಂಪೊ ಬರುವುದಿತ್ತು.

"ಹತ್ತಕ್ಕ ನಾ ಅಳಿಯಾಕ ಕೂಡ್ತೇನಿ," ಎಂದರು.

"ಜರಾ ತಡಾ ಮಾಡು. ಒಂಬತ್ತನೇದು ಅಲ್ಲೇ ಅದ," ಎಂದರು ಸುಬೇದಾರರು.

"ನಿಮ್ಮ ಡಬ್ಬಿಗೆ ನಾ ಯಾವಾಗ ಬ್ಯಾಡ ಅಂದೇನಿ? ಆಡ್ರಿ. ಬೂಟು ಒಳಗ ಬರಬಾರದು, ಮಾತು ಒಳಗ ಬರಬಾರದು. ದೂರ ಬಿಟ್ಟು ಬರ್ರಿ ಬೂಟು. ಅಂಚಿಗಿ ತಂದು ಬಿಡಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ಅಣ್ಣಾರ, ನೀವು ಸರಸಂಬಾದವ್ರು, ನಿಮಗ ಹೇಳಬೇಕಾಗಿಲ್ಲ."

ಹೌದು ಎಂದು ತಲೆಯಾಡಿಸಿದೆ.

ಮೊದಲ ಕುಳಿಗೆ ಐದು. ಎರಡನೆಯದಕ್ಕೆ ನಾಲ್ಕು. ಪ್ರತಿ ಹೊಡೆತಕ್ಕೆ ಮೊದಲು ಸುಬೇದಾರರು ಬಲಭುಜವನ್ನು ಎಡಗೈಯಿಂದ ಒಮ್ಮೆ ಒತ್ತಿಕೊಳ್ಳುತ್ತಿದ್ದರು. ಕರ್ನಲ್ ಅದನ್ನು ನೋಡಿದರು. ಅವರು ಆಡಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಹತ್ತು ಹೆಜ್ಜೆ ದೂರದಲ್ಲಿ ನಡೆದರು.

ಮೂರನೆಯದರಲ್ಲಿ ಚೆಂಡು ಕಾಣೆಯಾಯಿತು. ನಮ್ಮ ಎರೆಮಣ್ಣು ಮಾರ್ಚಿಗೆ ಬಿರಿಯುತ್ತದೆ. ಬಿರುಕಿಗೆ ಬಿದ್ದ ಚೆಂಡು ಸಿಕ್ಕರೆ ಪಕ್ಕದಲ್ಲಿಟ್ಟು ಆಡಬಹುದು, ದಂಡವಿಲ್ಲ ಎಂದು ಕರ್ನಲ್ ಮೊದಲೇ ಒಪ್ಪಿದ್ದರು. ಸಿಗದಿದ್ದರೆ ಮಾತ್ರ ಮೊದಲು ಹೊಡೆದ ಜಾಗದಿಂದ ಮತ್ತೆ ಹೊಡೆಯಬೇಕು, ಹೊಡೆತವೂ ಕೂಡುತ್ತದೆ. ಹುಡುಕಲು ಮೂರು ನಿಮಿಷ. ಕರ್ನಲ್ ಕೈಗಡಿಯಾರ ನೋಡುತ್ತ ನಿಂತರು. ಮಹಬೂಬಸಾಬರು ತುದಿ ಬಗ್ಗಿಸಿದ ತಂತಿ ಹಿಡಿದು ಬಿರುಕಿನಿಂದ ಬಿರುಕಿಗೆ ಮೊಣಕಾಲೂರಿದರು.

"ಈ ಹೊಲದಾಗ ತೊಗರಿಗಿಂತ ಚೆಂಡ ಜಾಸ್ತಿ ಬಿತ್ತೀವ್ರಿ," ಎಂದರು ನನಗೆ, ತಲೆ ಎತ್ತದೆ. "ಮೊಳಕಿ ಒಡದ್ರ ಸುಬೇದಾರ್ ಸಾಬ್ ಸಾವ್ಕಾರ್ ಆಗ್ತಾರ."

"ಮಾತು ಕಮ್ಮಿ ಮಾಡಿ ಹುಡುಕೋ ಮಾರಾಯಾ," ಎಂದರು ಸುಬೇದಾರರು.

ಇನ್ನು ಹದಿನೈದು ಸೆಕೆಂಡು ಎಂದು ಕರ್ನಲ್ ಹೇಳಿದಾಗ ತಂತಿ ಹೊರಬಂತು, ತುದಿಯಲ್ಲಿ ಮಣ್ಣು ಮೆತ್ತಿದ ಚೆಂಡು. ಆ ಕುಳಿಗೆ ಆರು.

ನಾಲ್ಕನೆಯದಕ್ಕೆ ಐದು, ಐದನೆಯದಕ್ಕೆ ನಾಲ್ಕು. ಆರನೆಯದರಲ್ಲಿ ಗಾಳಿ ಎದ್ದಿತು, ಮತ್ತೆ ಆರು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮತ ಎಣಿಕೆಗಳ ಬಾಗಿಲಲ್ಲಿ ನಿಂತು ಅಂಕಿ ಬರೆದಿದ್ದೇನೆ. ಅಲ್ಲೆಲ್ಲ ಒಮ್ಮೆ ಕೂಡಿಸಿದರೆ ಸಾಕಿತ್ತು. ಇಲ್ಲಿ ಪ್ರತಿ ಕುಳಿ ಮುಗಿದಾಗಲೂ ಕೂಡಿಸಿ, ಮತ್ತೆ ಕೂಡಿಸಿ, ಬೆರಳು ಮಡಿಚಿ ಇನ್ನೊಮ್ಮೆ ಕೂಡಿಸಿದೆ. ನನ್ನನ್ನು ನೋಡಿ ಮಹಬೂಬಸಾಬರು, "ಸರ್, ಆಡಾಕತ್ತವ್ರು ಅವ್ರು. ನಿಮಗ್ಯಾಕ ಬೆವರು?" ಎಂದರು.

ಏಳನೆಯದಕ್ಕೆ ಐದು, ಎಂಟನೆಯದಕ್ಕೆ ಐದು. ಒಟ್ಟು ನಲವತ್ತು. ಸುಬೇದಾರರು ನನ್ನತ್ತ ನೋಡಿದರು. ನಾನು ನಾಲ್ಕು ಬೆರಳು ಎತ್ತಿ, ಆಮೇಲೆ ಸೊನ್ನೆ ತೋರಿಸಲು ಹೋಗಿ ಏನೋ ಒಂದು ತೋರಿಸಿದೆ. ಅವರೇ ಹೇಳಿದರು, "ನಲವತ್ತು. ಇನ್ನ ಐದು ಅದಾವ."

ಒಂಬತ್ತನೆಯದರ ಮೊದಲ ಹೊಡೆತ ನೆಟ್ಟಗೆ ಹೋಯಿತು. ಎರಡನೆಯದರಲ್ಲಿ ಭುಜ ಕೈಕೊಟ್ಟಿತು. ಚೆಂಡು ಎಡಕ್ಕೆ, ಅರ್ಧ ದೂರ. ಸುಬೇದಾರರು ಕೋಲೂರಿ ಸ್ವಲ್ಪ ಹೊತ್ತು ನಿಂತರು. ಕರ್ನಲ್ ಎರಡು ಹೆಜ್ಜೆ ಮುಂದಿಟ್ಟು ನಿಂತರು. ಮೂರನೆಯ ಹೊಡೆತಕ್ಕೆ ಚೆಂಡು ಎದ್ದು, ಒಂದು ಸಲ ಪುಟಿದು, ಕಣದ ಅಂಚಿಗೆ ಉರುಳಿ ನಿಂತಿತು. ಸಾರಿಸಿದ ನೆಲಕ್ಕೆ ಒಂದು ಗೇಣು ಈಚೆ, ಅಂದರೆ ಗ್ರೀನಿನ ಹೊರಗೆ. ಅಲ್ಲಿಂದ ಎರಡು ಹೊಡೆತ ಸಾಕು, ಎರಡೇ ಇದ್ದವು.

ಕಣದಲ್ಲಿ ಎಣಿಕೆ ಆರಂಭವಾಗಿತ್ತು. ಕಾಶೀಬಾಯಿಯವರ ದನಿ ಕೇಳುತ್ತಿತ್ತು: ಒಂಬತ್ತು. ಹತ್ತು. ಕರ್ನಲ್ ದೂರದಲ್ಲೇ ಬೂಟು, ಕಾಲುಚೀಲ ಕಳಚಿ, ಬರಿಗಾಲಲ್ಲಿ ಕಣದ ಆಚೆ ಬದಿಗೆ ಹೋಗಿ ನಿಂತರು. ಮಹಬೂಬಸಾಬರು ಬೇವಿನ ಗಿಡದ ಕೆಳಗೆ ಉಳಿದರು. ನಾನು ಚಪ್ಪಲಿ ಬಿಟ್ಟು ಸುಬೇದಾರರ ಹಿಂದೆ, ಮೂರು ಹೆಜ್ಜೆ ದೂರದಲ್ಲಿದ್ದೆ.

ಸುಬೇದಾರರ ಕಣ್ಣೆಲ್ಲ ಡಬ್ಬಿಯ ಮೇಲೆ. ಹೆಂಡತಿ ಹೇಳಿದ ಮಾತು ಮರೆತು, ಬೂಟು ಹಾಕಿಕೊಂಡೇ ಅಂಚಿನವರೆಗೆ ನಡೆದುಬಿಟ್ಟಿದ್ದರು. ಅಲ್ಲಿ ನೆನಪಾಯಿತು. ನಿಂತಲ್ಲೇ ಬಾಗಿ ಲೇಸು ಬಿಚ್ಚಿದರು. ಎಡಗಾಲಿನದು ಬಂತು. ಬಲಗಾಲಿನದನ್ನು ಎಳೆಯುವಾಗ ಭುಜ ಹಿಡಿಯಿತೋ ಏನೋ, ಬೂಟು ಕೈಜಾರಿ ಹಿಂದಕ್ಕೆ ಬಿತ್ತು. ಅದರ ಹಿಮ್ಮಡಿ ಚೆಂಡಿಗೆ ತಾಗಿತು. ಚೆಂಡು ಎರಡು ಬೆರಳಿನಷ್ಟು ಸರಿಯಿತು.

ಸುಬೇದಾರರು ಬೂಟನ್ನು ದೂರ ಇಟ್ಟರು. ಚೆಂಡನ್ನು ಎತ್ತಿ ಮೊದಲಿದ್ದ ಜಾಗದಲ್ಲಿ ಇಟ್ಟರು. ಕರ್ನಲ್ ಆಚೆ ಬದಿಯಲ್ಲಿದ್ದರು. ನಡುವೆ ರಾಶಿ ಇತ್ತು. ಅವರಿಗೆ ಕಂಡಿರಲಾರದು.

ನಾನು ಕಾದೆ. ಒಂದು ಎಂದು ಹೇಳುತ್ತಾರೆ, ಬರೆದುಕೊಳ್ಳಬೇಕು ಎಂದು ಪೆನ್ಸಿಲು ಕಾಗದಕ್ಕೆ ತಾಗಿಸಿ ಕಾದೆ. ಅವರು ನನ್ನ ಮುಖ ನೋಡಿದರು. ತುಟಿ ಬಿಚ್ಚಲಿಲ್ಲ. ಕಾಶೀಬಾಯಿ ಹದಿನೇಳು ಎಂದರು. ಸುಬೇದಾರರು ಕಣದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಕೋಲು ಹಿಡಿದರು. ಚೆಂಡು ಉರುಳಿ ಡಬ್ಬಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಇನ್ನೊಂದು ಹೊಡೆತ. ತಗಡು ಸದ್ದು ಮಾಡಿತು.

ಕರ್ನಲ್ ಸದ್ದಿಲ್ಲದೆ ಎರಡು ಸಲ ಅಂಗೈ ತಟ್ಟುವ ಅಭಿನಯ ಮಾಡಿದರು. ಅವರ ಲೆಕ್ಕದಲ್ಲಿ ನಲವತ್ತೈದು.

ಸುಬೇದಾರರು ಮತ್ತೆ ನನ್ನತ್ತ ನೋಡಿದರು. ಈಗಲೂ ಮಾತಿಲ್ಲ.

ನನ್ನ ತಲೆಯಲ್ಲಿ ಆಗ ನಡೆದದ್ದನ್ನು ಇದ್ದ ಹಾಗೆ ದಾಖಲಿಸುತ್ತೇನೆ. ಇವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಮೊದಲು ಬೇಸರವಾಯಿತು. ಒಡನೆಯೇ ಆ ಭುಜ, ಹತ್ತು ಪೆನ್ಸಿಲು, ಗೋಣಿಚೀಲ ಎಲ್ಲ ನೆನಪಾದವು. ಒಂದು ಕಡಿಮೆ ಮಾಡಿಸಲು ಬಸ್ಸು ಹತ್ತಿ ಬಂದ ಮನುಷ್ಯ ಇವತ್ತು ಒಂದನ್ನು ನುಂಗಿದ್ದರೆ ಅದಕ್ಕೆ ಎಂಥ ಆಸೆ ಕಾರಣವಿರಬೇಕು ಎಂದುಕೊಂಡೆ. ನಾನು ಆರು ಬರೆದರೆ ಅವರು ಕರ್ನಲ್ ಎದುರು ಸಿಕ್ಕಿಬೀಳುತ್ತಾರೆ. ಐದು ಬರೆದೆ. ಕೂಡಿಸಿ ಕೆಳಗೆ ನಲವತ್ತೈದು ಎಂದು ಬರೆದೆ. ಅಕ್ಷರ ಅಂದವಾಗಿ ಬಂತು.

ಕಣದಿಂದ ಹೊರಬಂದು ಬೇವಿನ ಗಿಡದ ನೆರಳು ಸೇರಿದೆವು. ಕರ್ನಲ್ ಜೇಬಿನಿಂದ ಕ್ಲಬ್ಬಿನ ಫಾರ್ಮು ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು. ಸುಬೇದಾರರು ಕೈ ಅಡ್ಡ ಹಿಡಿದರು.

"ಪೇಪರ್ ಸರ್, ಕಾರ್ಡ್ ತೋರಸ್ರಿ."

ಕೊಟ್ಟೆ. ಮೇಲಿನಿಂದ ಒಂದೊಂದೇ ಅಂಕಿಯ ಮೇಲೆ ಬೆರಳಾಡಿಸುತ್ತ ಒಂಬತ್ತನೆಯದಕ್ಕೆ ಬಂದು ನಿಲ್ಲಿಸಿದರು.

"ಐದು ಬರದೀರಿ."

"ಹೌದ್ರಿ."

"ಚೆಂಡು ಸರದದ್ದು ನೀವು ನೋಡಿಲ್ಲೇನು?"

ಇಲ್ಲ ಎನ್ನಬಹುದಿತ್ತು. "ನೋಡೇನ್ರಿ," ಎಂದೆ.

"ಮತ್ತ?"

ನಾನು ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸಿದೆ.

"ಆಕಿ ರಾಶಿ ಅಳಿಯಾಕತ್ತಿದ್ಳು. ಅಲ್ಲಿ ಬಾಯಿ ಬಿಡಂಗಿದ್ದಿಲ್ಲ. ಅದಕ್ಕ ನಿಮ್ಮ ಮುಖಾ ನೋಡ್ದೆ, ಬರಕೊಂಡ್ರಿಲ್ಲೋ ಅಂತ. ಎರಡ ಸಲ ನೋಡ್ದೆ." ಆಮೇಲೆ ಕೇಳಿದರು, "ನೀವು ಏನ್ ತಿಳ್ಕೊಂಡ್ರಿ?"

ಮಹಬೂಬಸಾಬರು ತಂತಿಯ ಮಣ್ಣು ಒರೆಸತೊಡಗಿದರು. ಸರಸಂಬಾದ ಕಣದಲ್ಲಿ ಕಿವಿ ಹಿಂಡಿಸಿಕೊಂಡವನು ನಾನು. ಆ ಕಿವಿಗೇ ಹದಿನೇಳು ಎಂಬ ಎಣಿಕೆ ಬಿದ್ದಿತ್ತು.

"ಪೆನ್ಸಿಲ್ ಕೊಡ್ರಿ," ಎಂದರು ಸುಬೇದಾರರು.

"ರಬ್ಬರ್ ಇಲ್ರಿ ಅದಕ್ಕ."

"ಬೇಕಾಗಿಲ್ಲ."

ಐದರ ಮೇಲೆ ಒಂದೇ ಗೆರೆ ಎಳೆದರು, ಕೆಳಗಿನ ಅಂಕಿ ಓದಲು ಬರುವ ಹಾಗೆ. ಪಕ್ಕದಲ್ಲಿ ಆರು ಬರೆದರು. ನಲವತ್ತೈದನ್ನು ಹಾಗೆಯೇ ಹೊಡೆದು ನಲವತ್ತಾರು ಮಾಡಿದರು. ತಮ್ಮ ಸಹಿ ಹಾಕಿ ನನ್ನ ಮುಂದೆ ಹಿಡಿದರು. ನಾನೂ ಸಹಿ ಹಾಕಿದೆ. ಆಮೇಲೆ ಕರ್ನಲ್‌ಗೆ ಹಿಂದಿಯಲ್ಲಿ ಎಲ್ಲ ಹೇಳಿದರು: ಬೂಟು, ಚೆಂಡು, ಎರಡು ಬೆರಳು, ಅಳತೆ. ಬರೆದವರು ಹೊಸಬರು, ನಿಯಮದಲ್ಲಿ ಗೊಂದಲವಾಯಿತು ಎಂದೂ ಸೇರಿಸಿದರು. ಅವರು ಅಂದು ಹೇಳಿದ ಒಂದೇ ಸುಳ್ಳು ಅದು.

ಕರ್ನಲ್ ಕಾರ್ಡನ್ನು ಬಹಳ ಹೊತ್ತು ನೋಡಿದರು. ಪೆನ್ನಿನ ಕ್ಯಾಪು ಹಾಕಿದರು. ಫಾರ್ಮನ್ನು ಮಡಿಚಿ ಜೇಬಿಗೆ ಸೇರಿಸಿದರು.

"ನಲವತ್ತಾರು," ಎಂದರು.

"ಹೌದು ಸಾಬ್," ಎಂದರು ಸುಬೇದಾರರು.

ಅಳತೆ ಮುಗಿಸಿ ಕಾಶೀಬಾಯಿ ಬಂದರು. ಏನಾಯಿತೆಂದು ಕೇಳಿದರು. ಮಹಬೂಬಸಾಬರು ಹೇಳಿದರು.

"ದೂರ ಬಿಡ್ರಿ ಅಂತ ಹೇಳಿದ್ದೆ," ಎಂದರು ಅವರು ಗಂಡನಿಗೆ. ಸೆರಗಿನಿಂದ ಕೈಯ ಧೂಳು ಒರೆಸಿಕೊಂಡರು. "ನಡ್ರಿ, ರೊಟ್ಟಿ ಆರಾಕತ್ತಾವ."

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಕರ್ನಲ್ ಮೂರು ರೊಟ್ಟಿ ತಿಂದರು. ನಾನು ಒಂದಕ್ಕೇ ನಿಲ್ಲಿಸಿದೆ. ಕಾಶೀಬಾಯಿ ಎರಡನೆಯದನ್ನು ತಟ್ಟೆಗೆ ಹಾಕಿ, "ಉಣ್ರಿ ಅಣ್ಣಾರ, ಇದನ್ನ ಯಾರೂ ಬರಕೊಳ್ಳಂಗಿಲ್ಲ," ಎಂದರು. ಸುಬೇದಾರರು ನಕ್ಕರು. ಆ ದಿನ ನಾನು ಅವರು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಹೊರಡುವಾಗ ಕರ್ನಲ್ ಕಾರ್ಡನ್ನು ತಮ್ಮ ಬಳಿ ಇಟ್ಟುಕೊಳ್ಳಲೇ ಎಂದು ಕೇಳಿ ತೆಗೆದುಕೊಂಡರು. ಪೆನ್ಸಿಲನ್ನು ನಾನು ಹಿಂದಿರುಗಿಸಲು ಹೋದೆ. ಸುಬೇದಾರರು ಅದನ್ನು ನನ್ನ ಜೇಬಿಗೇ ಸಿಕ್ಕಿಸಿದರು.

"ಇಟ್ಕೋರಿ. ಮುಂದಿನ ಸಲಾನೂ ನೀವ ಬರೀಬೇಕು."

ಬಸ್ಸಿನಲ್ಲಿ ಜೇವರ್ಗಿ ದಾಟಿ, ಭೀಮಾ ಸೇತುವೆ ದಾಟಿ, ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದ ಸೇರುವವರೆಗೆ ಆ ಪೆನ್ಸಿಲು ಎದೆಗೆ ಚುಚ್ಚುತ್ತಿತ್ತು. ಅದನ್ನು ಬೇರೆ ಜೇಬಿಗೆ ಹಾಕಬಹುದಿತ್ತು. ಹಾಕಲಿಲ್ಲ.

ಜೂನ್‌ನಲ್ಲಿ ಮಳೆಯಾಯಿತು. ಎಂಟು ಕುಳಿಗಳ ಮೇಲೆ ತೊಗರಿ ಬಿತ್ತಿದರು. ಜುಲೈನಲ್ಲಿ ಸುಬೇದಾರರ ಭುಜದ ಶಸ್ತ್ರಚಿಕಿತ್ಸೆ ನಡೆಯಿತು. ಕೈ ಈಗ ಕಿವಿಯ ಮಟ್ಟದವರೆಗೆ ಏಳುತ್ತದೆ. ಗಾಲ್ಫಿಗೆ ಅದಕ್ಕಿಂತ ಒಂದು ಗೇಣು ಮೇಲೆ ಬೇಕಂತೆ. ಫಾರ್ಮು ಖಾಲಿಯಾಗಿಯೇ ಕರ್ನಲ್ ಬಳಿ ಇದೆ. ಮುಂದಿನ ಮಾರ್ಚಿಗೆ ಅವರು ಗಾಣಗಾಪುರದಲ್ಲಿ ಕೋಣೆ ಹೇಳಿಟ್ಟಿದ್ದಾರೆ.

ಕಳೆದ ವಾರ ಇಜೇರಿಗೆ ಹೋಗಿದ್ದೆ. ತೊಗರಿ ಹೂ ಬಿಟ್ಟಿದೆ. ಕಣದ ಅಂಚಿನಿಂದ ಮೂವತ್ತು ಹೆಜ್ಜೆ ಈಚೆಗೆ ಒಂದು ಶಹಾಬಾದಿ ಪರಸಿ ಕಲ್ಲು ಹಾಸಿದ್ದಾರೆ. ಅದರ ಮೇಲೆ ಒಂದು ಜೊತೆ ಕಪ್ಪು ಬೂಟುಗಳಿದ್ದವು.